ಉಪ್ಪಿನಲ್ಲಿ ಒಂದು ಬಂಧ, ಸಕ್ಕರೆಯಲ್ಲಿ ಇನ್ನೊಂದು: ರಾಸಾಯನಿಕ ಬಂಧವನ್ನು ಮೊದಲಿನಿಂದ ಕಲಿಯೋಣ

ಅಡುಗೆಮನೆಯಿಂದ ಎರಡು ಡಬ್ಬಿ ತನ್ನಿ. ಒಂದು ಉಪ್ಪಿನದು, ಇನ್ನೊಂದು ಸಕ್ಕರೆಯದು. ಎರಡೂ ಬಿಳಿ, ಎರಡೂ ಹರಳು. ಎರಡನ್ನೂ ನೀರಿಗೆ ಹಾಕಿ ಕಲಕಿದರೆ ಕಣ್ಣಿಗೆ ಕಾಣದಂತೆ ಮಾಯವಾಗುತ್ತವೆ. ಹೊರಗಿನಿಂದ ಇಷ್ಟೊಂದು ಹೋಲುವ ಇವು ಒಳಗೆ ಪೂರಾ ಬೇರೆ ಬೇರೆ. ಉಪ್ಪನ್ನು ಹಿಡಿದಿಟ್ಟಿರುವುದು ಅಯಾನಿಕ ಬಂಧ. ಸಕ್ಕರೆಯ ಅಣುವನ್ನು ಕಟ್ಟಿರುವುದು ಸಹವೇಲೆನ್ಸೀಯ ಬಂಧ. ಪಿಯುಸಿ ಮಕ್ಕಳು ಇದನ್ನೇ ಕೋವೇಲೆಂಟ್ ಬಾಂಡ್ ಅನ್ನುತ್ತಾರೆ.

ನಮ್ಮದು ಮಂಡ್ಯ. 1933ರಲ್ಲಿ ಮೈಷುಗರ್ ಕಂಪನಿ ಶುರುವಾದ ಊರು. ಸಕ್ಕರೆ, ಬೆಲ್ಲದ ಬಗ್ಗೆ ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೈಸ್ಕೂಲಿನಲ್ಲಿ ಈ ಪಾಠ ಮಾಡುವಾಗ ಒಂದು ವಿಷಯವನ್ನು ಪ್ರತಿ ವರ್ಷ ನೋಡುತ್ತೇನೆ. ‘ಕೊಟ್ಟರೆ ಅಯಾನಿಕ, ಹಂಚಿಕೊಂಡರೆ ಸಹವೇಲೆನ್ಸೀಯ’ ಎಂದು ಮಕ್ಕಳು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಗುತ್ತದೆ. ‘ಹಾಗಾದರೆ ಸೌಟಿನಲ್ಲಿ ಕಾಸಿದರೆ ಸಕ್ಕರೆ ಕರಗುತ್ತೆ, ಉಪ್ಪು ಯಾಕೆ ಕರಗಲ್ಲ?’ ಎಂದು ಕೇಳಿದರೆ ಮಾತ್ರ ಇಡೀ ತರಗತಿ ಸುಮ್ಮನಾಗುತ್ತದೆ.

ಆ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಹೇಳುವ ಹಾಗಾಗಬೇಕು ಎಂಬುದು ನನ್ನ ಆಸೆ. ಅದಕ್ಕೆ ದಾರಿಯುದ್ದಕ್ಕೂ ಒಂದೇ ಮಾತು ಕೇಳಿಕೊಳ್ಳುತ್ತಾ ಹೋಗಬೇಕು: ಈಗ ಎಲೆಕ್ಟ್ರಾನ್ ಎಲ್ಲಿದೆ? ಒಂದು ನೋಟ್‌ಬುಕ್, ಪೆನ್ಸಿಲ್, ಮೊದಲ 20 ಧಾತುಗಳ ಪಟ್ಟಿ ಇದ್ದರೆ ಸಾಕು. ಒಂದೇ ಸಲ ಓದಿ ಮುಗಿಸಬೇಡಿ, ಎರಡು ಸಂಜೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಹೊರಗಿನ ಕವಚ ಎಣಿಸಿ

ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಬೀಜಕೇಂದ್ರ ಇರುತ್ತದೆ. ಅದರ ಸುತ್ತ ಕವಚಗಳಲ್ಲಿ ಎಲೆಕ್ಟ್ರಾನ್‌ಗಳು. ಮೊದಲ 20 ಧಾತುಗಳ ಮಟ್ಟಿಗೆ ಒಂದನೇ ಕವಚಕ್ಕೆ 2, ಎರಡನೆಯದಕ್ಕೆ 8, ಮೂರನೆಯದಕ್ಕೆ 8, ಉಳಿದದ್ದು ನಾಲ್ಕನೆಯದಕ್ಕೆ ಎಂದು ತುಂಬುತ್ತಾ ಹೋಗಿ.

ಸೋಡಿಯಂನ ಪರಮಾಣು ಸಂಖ್ಯೆ 11. ಅಂದರೆ ಬೀಜಕೇಂದ್ರದಲ್ಲಿ 11 ಧನ ಕಣ (ಪ್ರೋಟಾನ್), ಸುತ್ತ 11 ಎಲೆಕ್ಟ್ರಾನ್. ಹಾಗಾಗಿ 2, 8, 1. ಕ್ಲೋರಿನ್‌ನದು 17, ಅಂದರೆ 2, 8, 7. ಆಮ್ಲಜನಕ 2, 6. ಕಾರ್ಬನ್ 2, 4. ಕ್ಯಾಲ್ಸಿಯಂ 2, 8, 8, 2. ಕೊನೆಯ ಅಂಕಿಗೆ ಒಂದು ಸುತ್ತು ಹಾಕಿ. ಬಂಧದ ಆಟವೆಲ್ಲ ಅಲ್ಲೇ ನಡೆಯುವುದು. 20 ಧಾತುಗಳನ್ನೂ ಒಮ್ಮೆ ಕೈಯಾರೆ ಬರೆಯಿರಿ. ಇದೊಂದನ್ನು ಬಿಟ್ಟರೆ ಮುಂದೆ ಎಲ್ಲವೂ ಕಷ್ಟವಾಗುತ್ತದೆ.

ಬರೆದಾಗ ನಿಯಾನ್, ಆರ್ಗಾನ್ ಎರಡರ ಕೊನೆಯಲ್ಲೂ 8 ಬಂದಿರುತ್ತದೆ. ಹೀಲಿಯಂಗೆ 2. ಈ ಜಡಾನಿಲಗಳು ಸಾಮಾನ್ಯವಾಗಿ ಯಾರ ಜೊತೆಗೂ ಸೇರುವುದಿಲ್ಲ. ಬೇರೆ ಪರಮಾಣುಗಳು ಬಂಧ ಕಟ್ಟಿಕೊಂಡ ಮೇಲೆ ನೋಡಿದರೆ ಅವುಗಳ ಹೊರಕವಚದಲ್ಲೂ ಹೆಚ್ಚಾಗಿ 8 ಇರುತ್ತದೆ. ಇದಕ್ಕೆ ಅಷ್ಟಕ ನಿಯಮ ಎಂದು ಹೆಸರು. ಹೈಡ್ರೋಜನ್‌ಗೆ ಮಾತ್ರ 2 ಸಾಕು.

ಅಮೆರಿಕದ ಗಿಲ್ಬರ್ಟ್ ಲೂಯಿಸ್, ಜರ್ಮನಿಯ ವಾಲ್ಟರ್ ಕಾಸೆಲ್ ಇಬ್ಬರೂ ಈ ದಾರಿಯಲ್ಲಿ ಯೋಚಿಸಿ ಬೇರೆ ಬೇರೆಯಾಗಿ ಬರೆದದ್ದು 1916ರಲ್ಲಿ. ಕಾಸೆಲ್ ಅಯಾನುಗಳ, ಅಂದರೆ ಧನ ಅಥವಾ ಋಣ ವಿದ್ಯುತ್ತು ಹೊತ್ತ ಕಣಗಳ ಬಗ್ಗೆ ಹೇಳಿದರು, ಲೂಯಿಸ್ ಜೋಡಿ ಎಲೆಕ್ಟ್ರಾನ್ ಹಂಚಿಕೆಯ ಬಗ್ಗೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದೂ ಅದೇ ವರ್ಷ. ಇಸವಿ ನೆನಪಿಡಲು ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ.

ಎರಡನೇ ಹೆಜ್ಜೆ: ಉಪ್ಪಿನ ಹರಳು ಕಟ್ಟಿ

ಸೋಡಿಯಂ ಚಾಕುವಿನಲ್ಲಿ ಕುಯ್ಯುವಷ್ಟು ಮೆತ್ತಗಿನ ಲೋಹ. ನೀರು ತಾಗಿದರೆ ಬೆಂಕಿ ಹತ್ತಬಹುದು. ಕ್ಲೋರಿನ್ ಹಸಿರು ಹಳದಿ ಬಣ್ಣದ ವಿಷಾನಿಲ. 1915ರಲ್ಲಿ ಯುದ್ಧಭೂಮಿಯಲ್ಲಿ ಅದನ್ನು ಆಯುಧವಾಗಿ ಬಳಸಿದ್ದರು. ಇವೆರಡೂ ಸೇರಿದರೆ ಬರುವುದು ನಾವು ದಿನಾ ಸಾರಿಗೆ ಹಾಕುವ ಉಪ್ಪು.

ನೋಟ್‌ಬುಕ್‌ನಲ್ಲಿ ಸೋಡಿಯಂ ಎಂದು ಬರೆದು ಪಕ್ಕದಲ್ಲಿ ಒಂದು ಚುಕ್ಕಿ ಇಡಿ. ಕ್ಲೋರಿನ್ ಸುತ್ತ ಏಳು ಚುಕ್ಕಿ. ಸೋಡಿಯಂನ ಚುಕ್ಕಿಯಿಂದ ಕ್ಲೋರಿನ್ ಕಡೆಗೆ ಬಾಣ ಎಳೆಯಿರಿ. ಚುಕ್ಕಿ ಆ ಕಡೆ ಹೋದ ಮೇಲೆ ಸೋಡಿಯಂಗೆ 2, 8 ಉಳಿಯಿತು. 11 ಪ್ರೋಟಾನ್, 10 ಎಲೆಕ್ಟ್ರಾನ್. ಹಾಗಾಗಿ ಅದಕ್ಕೆ ಒಂದು ಧನ ಚಿಹ್ನೆ. ಕ್ಲೋರಿನ್ 2, 8, 8 ಆಯಿತು, ಅದಕ್ಕೆ ಒಂದು ಋಣ ಚಿಹ್ನೆ. ಧನ ಅಯಾನು, ಋಣ ಅಯಾನು ಒಂದನ್ನೊಂದು ಸೆಳೆಯುತ್ತವೆ. ಆ ಸೆಳೆತವೇ ಅಯಾನಿಕ ಬಂಧ.

ಹೆಚ್ಚಿನವರು ಇಲ್ಲಿಗೇ ಪುಟ ತಿರುಗಿಸುತ್ತಾರೆ. ನೀವು ಇನ್ನೆರಡು ವಿಷಯ ತಿಳಿದುಕೊಂಡು ಮುಂದೆ ಹೋಗಿ. ಪಾಠದ ಜೀವ ಇರುವುದು ಇಲ್ಲೇ.

ಮೊದಲನೆಯದು ಶಕ್ತಿಯ ಲೆಕ್ಕ. ‘ಸೋಡಿಯಂ ದಾನಿ, ಎಲೆಕ್ಟ್ರಾನ್ ಕೊಟ್ಟುಬಿಡಲು ಅದಕ್ಕೆ ಇಷ್ಟ’ ಎಂದು ಕಥೆ ಹೇಳುವ ರೂಢಿ ಇದೆ. ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ. ಯಾವ ಪರಮಾಣುವೂ ಎಲೆಕ್ಟ್ರಾನನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. ಕೀಳಬೇಕಾದರೆ ಶಕ್ತಿ ಖರ್ಚಾಗುತ್ತದೆ. ಒಂದು ಮೋಲ್ ಉಪ್ಪು, ಅಂದರೆ 58.5 ಗ್ರಾಂ, ತಯಾರಾಗಬೇಕು ಎಂದುಕೊಳ್ಳಿ. ಕಬ್ಬು ಬೆಳೆಯುವವರು ಬಿತ್ತನೆ, ಗೊಬ್ಬರ, ಆಳು ಎಂದು ಬರೆದಿಡುವ ಹಾಗೆ ನಾವೂ ಖರ್ಚು ಬರೆಯೋಣ.

ಸೋಡಿಯಂ ಗಟ್ಟಿಯಿಂದ ಬಿಡಿ ಪರಮಾಣುಗಳನ್ನು ಬಿಡಿಸಲು 107 ಕಿಲೋಜೂಲ್. ಜೋಡಿಯಾಗಿರುವ ಕ್ಲೋರಿನ್ ಬೇರೆ ಮಾಡಲು 122. ಸೋಡಿಯಂನಿಂದ ಎಲೆಕ್ಟ್ರಾನ್ ಕೀಳಲು 496. ಒಟ್ಟು 725 ಖರ್ಚು. ಕ್ಲೋರಿನ್ ಆ ಎಲೆಕ್ಟ್ರಾನ್ ತೆಗೆದುಕೊಂಡಾಗ 349 ವಾಪಸ್ ಬರುತ್ತದೆ. ಆದರೂ ಇನ್ನೂ 376 ಕೈಬಿಟ್ಟಿದೆ. ಕೊಟ್ಟು ತೆಗೆದುಕೊಂಡದ್ದರಿಂದ ಲಾಭ ಆಗಲಿಲ್ಲ, ನಷ್ಟವೇ ಆಯಿತು!

ಲಾಭ ಬರುವುದು ಆಮೇಲೆ. ಧನ ಅಯಾನುಗಳೂ ಋಣ ಅಯಾನುಗಳೂ ಒತ್ತೊತ್ತಾಗಿ ಬಂದು ಹರಳಾಗಿ ಕೂತಾಗ 787 ಕಿಲೋಜೂಲ್ ಹೊರಗೆ ಬರುತ್ತದೆ. 787ರಲ್ಲಿ 376 ಕಳೆದರೆ 411 ಉಳಿಯಿತು. ಉಪ್ಪು ಆಗುವುದು ಈ 411ರಿಂದ. ಇದನ್ನು ಒಮ್ಮೆ ನೀವೇ ಕೂಡಿ ಕಳೆದು ನೋಡಿದರೆ ‘ಕೊಟ್ಟಿದ್ದಕ್ಕೆ ಬಂಧ ಆಯಿತು’ ಎಂದು ಮತ್ತೆ ಬರೆಯುವುದಿಲ್ಲ. ಕೊಡುವುದು ತಯಾರಿ ಮಾತ್ರ, ಹಿಡಿದಿಡುವುದು ಸೆಳೆತ.

ಎರಡನೆಯದು ಇನ್ನೂ ಮುಖ್ಯ. ಉಪ್ಪಿನಲ್ಲಿ ‘ಅಣು’ ಇಲ್ಲ. ಚೌಕುಳಿ ಹಾಳೆಯ ಮೇಲೆ ಒಂದು ಮನೆ ಬಿಟ್ಟು ಒಂದು ಮನೆಗೆ ಧನ, ಋಣ ಎಂದು ಬರೆಯುತ್ತಾ ಹೋಗಿ. ಹಾಳೆಯಲ್ಲಿ ಪ್ರತಿ ಧನದ ಸುತ್ತ ನಾಲ್ಕು ಋಣ ಬರುತ್ತವೆ. ಮೇಲೊಂದು, ಕೆಳಗೊಂದು ಹಾಳೆ ಇದೆ ಎಂದುಕೊಂಡರೆ ಆರು. ಪ್ರತಿ ಸೋಡಿಯಂ ಅಯಾನು ಸುತ್ತಲಿನ ಆರು ಕ್ಲೋರೈಡ್‌ಗಳನ್ನೂ ಒಂದೇ ಸಮ ಸೆಳೆಯುತ್ತದೆ. ತನ್ನ ಎಲೆಕ್ಟ್ರಾನ್ ಯಾವ ಕ್ಲೋರಿನ್‌ಗೆ ಹೋಯಿತು ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಜೋಡಿ ಎಂಬುದೇ ಇಲ್ಲ. ನಾವು ಬರೆಯುವ ಸೂತ್ರ ‘ಒಂದಕ್ಕೆ ಒಂದು’ ಎಂಬ ಪ್ರಮಾಣವನ್ನು ಹೇಳುತ್ತದೆ, ಅಷ್ಟೇ.

ಎಕ್ಸ್-ರೇ ಬಳಸಿ ಇದನ್ನು 1913ರಲ್ಲಿ ತೋರಿಸಿದವರು ಲಾರೆನ್ಸ್ ಬ್ರ್ಯಾಗ್. ಆಗ ಅವರಿಗೆ 23 ವರ್ಷ. ಉಪ್ಪಿನಲ್ಲಿ ಅಣುವೇ ಇಲ್ಲ ಎಂಬುದನ್ನು ಒಪ್ಪುವುದು ದೊಡ್ಡವರಿಗೂ ಸುಲಭವಾಗಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಲ್ಲಿ ನೇಚರ್ ಪತ್ರಿಕೆಗೆ ಬರೆದು ಇದನ್ನು ಕಟುವಾಗಿ ವಿರೋಧಿಸಿದರು. ಹಾಗಾಗಿ ನಿಮಗೂ ಇದು ತಲೆಗೆ ಹತ್ತಲು ಒಂದೆರಡು ದಿನ ಬೇಕಾದರೆ ಬೇಸರ ಮಾಡಿಕೊಳ್ಳಬೇಡಿ.

ಮೂರನೇ ಹೆಜ್ಜೆ: ಅಯಾನಿಕ ಸೂತ್ರ ಬರೆಯುವುದು

ಇದು ಬೇಗ ಮುಗಿಯುತ್ತದೆ. ಒಟ್ಟು ಧನವೂ ಒಟ್ಟು ಋಣವೂ ಸಮ ಆಗಬೇಕು. ಮೆಗ್ನೀಸಿಯಂಗೆ ಧನ 2, ಕ್ಲೋರಿನ್‌ಗೆ ಋಣ 1. ಒಂದು ಮೆಗ್ನೀಸಿಯಂಗೆ ಎರಡು ಕ್ಲೋರಿನ್. ಕ್ಯಾಲ್ಸಿಯಂ 2, ಆಮ್ಲಜನಕ 2. ಒಂದಕ್ಕೆ ಒಂದು ಸಾಕು. ಅಲ್ಯೂಮಿನಿಯಂ 3, ಆಮ್ಲಜನಕ 2. ಎರಡು ಅಲ್ಯೂಮಿನಿಯಂ, ಮೂರು ಆಮ್ಲಜನಕ ಇಟ್ಟರೆ 6ಕ್ಕೆ 6 ಸರಿಹೋಗುತ್ತದೆ. ಅಂಕಿಗಳನ್ನು ಅಡ್ಡಡ್ಡ ಬದಲಿಸುವ ಕ್ರಮವನ್ನು ಬಳಸಿ, ಪರವಾಗಿಲ್ಲ. ಬರೆದ ಮೇಲೆ ಒಮ್ಮೆ ಕೂಡಿ ನೋಡಿ.

ನಾಲ್ಕನೇ ಹೆಜ್ಜೆ: ಹಂಚಿಕೊಳ್ಳುವುದು ಅಂದರೆ ಏನು

ಎರಡು ಕ್ಲೋರಿನ್ ಎದುರಾದರೆ? ಇಬ್ಬರ ಹತ್ತಿರವೂ ಏಳೇಳು. ಇಬ್ಬರ ಎಳೆತವೂ ಒಂದೇ. ಒಬ್ಬರು ಇನ್ನೊಬ್ಬರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಆಗುವುದಿಲ್ಲ. ಆಗ ತಲಾ ಒಂದೊಂದು ಎಲೆಕ್ಟ್ರಾನ್ ನಡುವೆ ಬಂದು ಜೋಡಿಯಾಗುತ್ತದೆ. ಎರಡು ಬೀಜಕೇಂದ್ರಗಳೂ ಧನ. ನಡುವಿನ ಎಲೆಕ್ಟ್ರಾನ್ ಜೋಡಿ ಋಣ. ಎರಡು ಕಡೆಯಿಂದಲೂ ಅದರ ಮೇಲೆ ಸೆಳೆತ. ನಡುವಿನ ಜೋಡಿಯೇ ಎರಡೂ ಪರಮಾಣುಗಳನ್ನು ಬಿಗಿದು ಹಿಡಿಯುತ್ತದೆ. ಇಲ್ಲಿಯೂ ಧನ-ಋಣದ ಸೆಳೆತವೇ ಕೆಲಸ ಮಾಡುತ್ತಿದೆ, ಅಲ್ವಾ? ಎಲೆಕ್ಟ್ರಾನ್ ಇರುವ ಜಾಗ ಮಾತ್ರ ಬೇರೆ. ಉಪ್ಪಿನಲ್ಲಿ ಒಂದು ಕಡೆಗೆ ಹೋಗಿಬಿಟ್ಟಿತ್ತು, ಇಲ್ಲಿ ನಡುವೆ ನಿಂತಿದೆ. ಈ ಬಂಧಕ್ಕೆ ಈಗಿನ ಹೆಸರಿನ ಮೂಲ ಇಟ್ಟವರು ಇರ್ವಿಂಗ್ ಲ್ಯಾಂಗ್ಮ್ಯೂರ್, 1919ರಲ್ಲಿ.

ಚುಕ್ಕಿ ರಚನೆ ಬರೆಯಲು ನಾನು ಹೇಳಿಕೊಡುವ ಕ್ರಮ ಹೀಗಿದೆ. ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳೋಣ.

1. ಹೊರಕವಚದ ಎಲೆಕ್ಟ್ರಾನ್‌ಗಳನ್ನು ಕೂಡಿ. ಕಾರ್ಬನ್ 4, ಎರಡು ಆಮ್ಲಜನಕ 12. ಒಟ್ಟು 16.
2. ಕಾರ್ಬನ್ ನಡುವೆ ಇಡಿ. ಎರಡು ಕಡೆಗೂ ಒಂದೊಂದು ಗೆರೆ ಎಳೆಯಿರಿ. ಒಂದು ಗೆರೆ ಅಂದರೆ 2 ಎಲೆಕ್ಟ್ರಾನ್. 4 ಮುಗಿಯಿತು, 12 ಉಳಿಯಿತು.
3. ಉಳಿದದ್ದನ್ನು ಹೊರಗಿನವರಿಗೆ ಮೊದಲು ಹಂಚಿ. ಆಮ್ಲಜನಕಗಳಿಗೆ ಆರಾರು. ಅವಕ್ಕೆ 8 ತುಂಬಿತು.
4. ನಡುವಿನವನನ್ನು ನೋಡಿ. ಕಾರ್ಬನ್ ಸುತ್ತ ಬರೀ 4 ಇದೆ. ಪ್ರತಿ ಆಮ್ಲಜನಕದಿಂದ ಒಂದೊಂದು ಜೋಡಿಯನ್ನು ನಡುವಿಗೆ ತನ್ನಿ. ಈಗ ಎರಡೂ ಕಡೆ ಜೋಡಿ ಗೆರೆ. ಎಲ್ಲರಿಗೂ 8.

ಇದೇ ದಾರಿಯಲ್ಲಿ ಮೀಥೇನ್, ಅಮೋನಿಯಾ, ನೀರು ಬರೆದು ನೋಡಿ. ನೀರಿನಲ್ಲಿ ಆಮ್ಲಜನಕದ ಹತ್ತಿರ ಬಂಧಕ್ಕೆ ಸೇರದ ಎರಡು ಜೋಡಿ ಉಳಿಯುತ್ತವೆ. ಅವನ್ನು ಬರೆಯಲು ಮರೆಯಬೇಡಿ, ಮುಂದಿನ ಹೆಜ್ಜೆಗೆ ಬೇಕು. ಸಾರಜನಕಕ್ಕೆ ಮೂರು ಗೆರೆ ಬರುತ್ತದೆ. ಆ ಬಂಧ ಬಿಡಿಸಲು ಒಂದು ಮೋಲ್‌ಗೆ 945 ಕಿಲೋಜೂಲ್ ಬೇಕು. ಹೈಡ್ರೋಜನ್‌ನ ಒಂದು ಗೆರೆಗೆ 436 ಸಾಕು. ಗದ್ದೆಯ ಮೇಲಿನ ಗಾಳಿಯ ತುಂಬಾ ಸಾರಜನಕವೇ ಇದ್ದರೂ ಭತ್ತಕ್ಕೆ ಯೂರಿಯಾ ಹಾಕಬೇಕಾಗಿರುವುದು ಈ ಮೂರು ಗೆರೆಯ ಬಿಗಿತದಿಂದ. ಪೈರಿಗೆ ಅದನ್ನು ಒಡೆದುಕೊಳ್ಳುವ ಶಕ್ತಿ ಇಲ್ಲ.

ಯೂರಿಯಾವನ್ನೇ ಒಂದು ಅಭ್ಯಾಸವಾಗಿ ಬಿಡಿಸಿ. ನಡುವೆ ಕಾರ್ಬನ್, ಅದಕ್ಕೆ ಒಂದು ಆಮ್ಲಜನಕ, ಎರಡು ಸಾರಜನಕ, ಪ್ರತಿ ಸಾರಜನಕಕ್ಕೆ ಎರಡೆರಡು ಹೈಡ್ರೋಜನ್. ಒಟ್ಟು 24 ಎಲೆಕ್ಟ್ರಾನ್. ಕಾರ್ಬನ್ ಮತ್ತು ಆಮ್ಲಜನಕದ ನಡುವೆ ಜೋಡಿ ಗೆರೆ ಬಂದರೆ ನಿಮ್ಮ ಉತ್ತರ ಸರಿ.

ಐದನೇ ಹೆಜ್ಜೆ: ನಡುವೆ ಅಂದರೆ ಸರಿಯಾಗಿ ನಡುವೆಯಾ?

ಎರಡು ಕ್ಲೋರಿನ್ ಆದರೆ ಜೋಡಿ ಸರಿಯಾಗಿ ನಡುವೆ ಇರುತ್ತದೆ. ನೀರಿನಲ್ಲಿ ಹಾಗಲ್ಲ. ಆಮ್ಲಜನಕದ ಎಳೆತ ಜಾಸ್ತಿ, ಹೈಡ್ರೋಜನ್‌ನದು ಕಡಿಮೆ. ಹಗ್ಗ ಜಗ್ಗಾಟದಲ್ಲಿ ಹಗ್ಗ ಒಂದು ಕಡೆ ವಾಲುವಂತೆ ಎಲೆಕ್ಟ್ರಾನ್ ಜೋಡಿ ಆಮ್ಲಜನಕದ ಕಡೆಗೆ ವಾಲುತ್ತದೆ. ಈ ಎಳೆತಕ್ಕೆ ವಿದ್ಯುದೃಣತೆ ಎಂದು ಹೆಸರು. ಲೈನಸ್ ಪಾಲಿಂಗ್ 1932ರಲ್ಲಿ ಅದಕ್ಕೊಂದು ಅಳತೆ ಕೊಟ್ಟರು. ಈಗ ಪುಸ್ತಕಗಳಲ್ಲಿರುವ ಬೆಲೆಗಳಲ್ಲಿ ಕೆಲವು: ಸೋಡಿಯಂ 0.93, ಹೈಡ್ರೋಜನ್ 2.20, ಕಾರ್ಬನ್ 2.55, ಕ್ಲೋರಿನ್ 3.16, ಆಮ್ಲಜನಕ 3.44, ಫ್ಲೋರಿನ್ 3.98.

ಎರಡರ ವ್ಯತ್ಯಾಸ ತೆಗೆಯಿರಿ. ಕಾರ್ಬನ್-ಹೈಡ್ರೋಜನ್ 0.35, ಹೆಚ್ಚುಕಮ್ಮಿ ಸಮ ಹಂಚಿಕೆ. ಆಮ್ಲಜನಕ-ಹೈಡ್ರೋಜನ್ 1.24, ಒಂದು ಕಡೆ ವಾಲಿದ ಹಂಚಿಕೆ. ಇದು ಧ್ರುವೀಯ ಸಹವೇಲೆನ್ಸೀಯ ಬಂಧ. ಸೋಡಿಯಂ-ಕ್ಲೋರಿನ್ 2.23. ಅಲ್ಲಿ ಎಲೆಕ್ಟ್ರಾನ್ ಪೂರಾ ಆ ಕಡೆಗೇ ಹೋಯಿತು ಎನ್ನಬಹುದು.

1.7ಕ್ಕಿಂತ ಜಾಸ್ತಿ ಇದ್ದರೆ ಅಯಾನಿಕ ಎಂದು ಗೈಡ್‌ಗಳಲ್ಲಿ ಬರೆದಿರುತ್ತದೆ. ಅದು ಅಂದಾಜಿನ ಗುರುತು. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ವ್ಯತ್ಯಾಸ 1.78, ಆದರೂ ಅದು ಅಣುಗಳಿಂದಾದ ಸಹವೇಲೆನ್ಸೀಯ ವಸ್ತು. ಅಯಾನಿಕ, ಸಹವೇಲೆನ್ಸೀಯ ಎಂಬುದು ಎರಡು ಕೋಣೆ, ನಡುವೆ ಗೋಡೆ ಎಂದುಕೊಳ್ಳಬೇಡಿ. ಕೆಆರ್‌ಎಸ್ ಹಿನ್ನೀರು ಹಾಗೆ, ದಡದಿಂದ ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಇಲ್ಲಿಂದ ಆಳ ಎಂದು ಗೆರೆ ಎಳೆಯಲು ಆಗುವುದಿಲ್ಲ.

ನೀರಿನ ಅಣು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಕಾರಣ, ನೀವು ಬರೆದ ಆ ಎರಡು ಬಿಡಿ ಜೋಡಿಗಳು ಬಂಧದ ಜೋಡಿಗಳನ್ನು ತಳ್ಳುತ್ತವೆ. ಬಾಗಿರುವುದರಿಂದ ಆಮ್ಲಜನಕದ ತುದಿ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಕಾರ್ಬನ್ ಡೈಆಕ್ಸೈಡ್ ನೇರ ಇದೆ, ಎರಡು ಕಡೆಯ ಎಳೆತವೂ ವಜಾ ಆಗಿಬಿಡುತ್ತದೆ. ನೀರಿನ ಈ ಬಾಗಿದ ಆಕಾರದಿಂದಲೇ ಉಪ್ಪು ಅದರಲ್ಲಿ ಕರಗುವುದು.

ಆರನೇ ಹೆಜ್ಜೆ: ಕೈಯಾರೆ ಮಾಡಿ ನೋಡಿ

ಶುರು ಮಾಡುವ ಮೊದಲು ಕನ್ನಡದ ಒಂದು ಪದದ ಬಗ್ಗೆ ಹೇಳಬೇಕು. ಬೆಣ್ಣೆ ಬಿಸಿಗೆ ಕರಗುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ಎರಡಕ್ಕೂ ನಾವು ‘ಕರಗು’ ಎನ್ನುತ್ತೇವೆ. ಆದರೆ ಇವು ಎರಡು ಬೇರೆ ಕೆಲಸ. ಮೊದಲನೆಯದರಲ್ಲಿ ವಸ್ತು ತಾನೇ ದ್ರವವಾಗುತ್ತದೆ. ಎರಡನೆಯದರಲ್ಲಿ ನೀರಿನ ಕಣಗಳ ನಡುವೆ ಹರಡಿಕೊಳ್ಳುತ್ತದೆ. ನಮ್ಮ ಮಕ್ಕಳ ಅರ್ಧ ಗೊಂದಲ ಈ ಒಂದು ಪದದಿಂದ ಬಂದದ್ದು ಎಂಬುದು ನನ್ನ ಅನುಭವ. ಉತ್ತರ ಬರೆಯುವಾಗ ‘ಕಾಸಿ ಕರಗಿಸಿದಾಗ’ ಅಥವಾ ‘ನೀರಿನಲ್ಲಿ ಕರಗಿಸಿದಾಗ’ ಎಂದು ಬಿಡಿಸಿ ಬರೆಯಿರಿ.

ಮೊದಲು ಕಾಸುವ ಪ್ರಯೋಗ. ಹಳೆಯ ಸ್ಟೀಲ್ ಸೌಟಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಹಿಡಿಯಿರಿ. ದೊಡ್ಡವರು ಜೊತೆಗಿರಲಿ, ಕರಗಿದ ಸಕ್ಕರೆ ಕೈಗೆ ಬಿದ್ದರೆ ಸುಟ್ಟ ಗಾಯ ಆಳವಾಗುತ್ತದೆ. ಸುಮಾರು 186 ಡಿಗ್ರಿ ಸೆಲ್ಸಿಯಸ್ ಹತ್ತಿರ ಸಕ್ಕರೆ ಕರಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಸೌಟಿನಲ್ಲಿ ಉಪ್ಪು ಹಿಡಿಯಿರಿ. ಒಳಗೆ ಸಿಕ್ಕಿಕೊಂಡ ತೇವದಿಂದ ಸ್ವಲ್ಪ ಚಟಪಟ ಎನ್ನಬಹುದು. ಕರಗುವುದಿಲ್ಲ. ಅದಕ್ಕೆ 801 ಡಿಗ್ರಿ ಬೇಕು.

ಈಗ ಮೊದಲ ಪ್ರಶ್ನೆಗೆ ಬನ್ನಿ. ಉಪ್ಪು ಕರಗಬೇಕಾದರೆ ಆರೂ ಕಡೆಯಿಂದ ಎಳೆಯುತ್ತಿರುವ ಅಯಾನುಗಳು ಸಡಿಲವಾಗಬೇಕು. ಅಂದರೆ ಅಯಾನಿಕ ಬಂಧದ ಮೇಲೆಯೇ ಕೈ ಹಾಕಬೇಕು. ಸಕ್ಕರೆ ಹಾಗಲ್ಲ. ಒಂದು ಸಕ್ಕರೆ ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಮ್ಲಜನಕ, ಒಟ್ಟು 45 ಪರಮಾಣುಗಳಿವೆ. ಅವುಗಳನ್ನು ಕಟ್ಟಿರುವ ಸಹವೇಲೆನ್ಸೀಯ ಬಂಧ ಗಟ್ಟಿ. ಆದರೆ ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಸೆಳೆತ ಸಡಿಲ. ಸಕ್ಕರೆ ಕರಗಲು ಈ ಸಡಿಲ ಸೆಳೆತ ಬಿಟ್ಟುಕೊಟ್ಟರೆ ಸಾಕು. ಕಂದು ಬಣ್ಣ ಬಂತಲ್ಲ, ಅದು ಬೇರೆ. ಅಲ್ಲಿ ಅಣುವಿನ ಒಳಗಿನ ಬಂಧಗಳೇ ಮುರಿಯಲು ಶುರುವಾಗಿವೆ.

‘ಸಹವೇಲೆನ್ಸೀಯ ಬಂಧ ದುರ್ಬಲ, ಹಾಗಾಗಿ ಬೇಗ ಕರಗುತ್ತದೆ’ ಎಂದು ದಯವಿಟ್ಟು ಬರೆಯಬೇಡಿ. ನೀರು ಕುದಿದು ಆವಿಯಾದರೂ ಅದು ನೀರೇ. ಒಂದು ಅಣುವೂ ಒಡೆದಿಲ್ಲ, ಅಣುಗಳು ದೂರ ಹೋಗಿವೆ.

ಎರಡನೆಯದು ವಿದ್ಯುತ್ ಪ್ರಯೋಗ. 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, 470 ಓಮ್ ರೆಸಿಸ್ಟರ್, ವೈರ್, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್. ಇವನ್ನು ಒಂದರ ಹಿಂದೆ ಒಂದು ಜೋಡಿಸಿ, ಪೆನ್ಸಿಲ್‌ಗಳ ನಡುವೆ ಜಾಗ ಬಿಡಿ. ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಧನ ತುದಿಯ ಕಡೆ ಇರಲಿ. ಮನೆಯ ಗೋಡೆಯ ಪ್ಲಗ್ ಯಾವ ಕಾರಣಕ್ಕೂ ಬಳಸಬೇಡಿ.

ನೀರಿಗೆ ಬೋರ್‌ವೆಲ್ ಬೇಡ, ನಲ್ಲಿಯದೂ ಬೇಡ. ಒಮ್ಮೆ ನಾನು ಬೋರ್‌ವೆಲ್ ನೀರಿನಲ್ಲೇ ಸಕ್ಕರೆ ಕಲಸಿ ತೋರಿಸಿದೆ. ಎಲ್‌ಇಡಿ ಮಂದವಾಗಿ ಹತ್ತಿತು. ಮಕ್ಕಳು ‘ಸಕ್ಕರೆಯಲ್ಲೂ ಅಯಾನು ಇದೆ’ ಎಂದು ಬರೆದುಕೊಂಡರು. ನೀರಿನಲ್ಲಿ ಮೊದಲೇ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಕೆಲಸ ಅದು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೇ ತನ್ನಿ. ಮೊದಲು ಬರೀ ನೀರಿನಲ್ಲಿ ಪೆನ್ಸಿಲ್ ತುದಿ ಅದ್ದಿ, ಹತ್ತುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಒಣ ಉಪ್ಪಿನಲ್ಲಿ ಚುಚ್ಚಿ: ಹತ್ತುವುದಿಲ್ಲ. ಅಯಾನುಗಳಿವೆ, ಆದರೆ ಜಾಗ ಬಿಟ್ಟು ಕದಲುವಂತಿಲ್ಲ. ಉಪ್ಪುನೀರಿನಲ್ಲಿ: ಚೆನ್ನಾಗಿ ಹತ್ತುತ್ತದೆ. ನೀರಿನ ಅಣುಗಳು ಋಣ ತುದಿಯಿಂದ ಸೋಡಿಯಂ ಸುತ್ತಲೂ, ಧನ ತುದಿಯಿಂದ ಕ್ಲೋರೈಡ್ ಸುತ್ತಲೂ ಕವಿದುಕೊಂಡು ಅವನ್ನು ಬಿಡಿಸಿ ತಂದಿವೆ. ಈಗ ಅವು ಓಡಾಡಬಹುದು. ಸಕ್ಕರೆ ನೀರಿನಲ್ಲಿ: ಹತ್ತುವುದಿಲ್ಲ. ಸಕ್ಕರೆ ಇಡಿ ಇಡಿ ಅಣುವಾಗಿಯೇ ತೇಲುತ್ತಿದೆ, ಅದಕ್ಕೆ ಧನ-ಋಣದ ಹೊರೆ ಇಲ್ಲ. ಉಪ್ಪುನೀರಿನಲ್ಲಿ ಕೆಲವು ಸೆಕೆಂಡ್ ಮಾತ್ರ ಇಡಿ, ಕಿಟಕಿ ತೆರೆದಿರಲಿ. ಜಾಸ್ತಿ ಹೊತ್ತು ಬಿಟ್ಟರೆ ಒಂದು ತುದಿಯಲ್ಲಿ ಕ್ಲೋರಿನ್ ಬರುತ್ತದೆ.

ಪೆನ್ಸಿಲ್ ಕಡ್ಡಿ ಗ್ರಾಫೈಟ್, ಅಂದರೆ ಕಾರ್ಬನ್. ಪೂರಾ ಸಹವೇಲೆನ್ಸೀಯ. ಆದರೂ ಅದರಲ್ಲಿ ವಿದ್ಯುತ್ ಹರಿಯಿತು. ಅಲ್ಲಿ ಪ್ರತಿ ಕಾರ್ಬನ್ ಮೂರು ನೆರೆಯವರ ಜೊತೆ ಬಂಧ ಕಟ್ಟಿಕೊಂಡು, ನಾಲ್ಕನೇ ಎಲೆಕ್ಟ್ರಾನ್ ಇಡೀ ಪದರದಲ್ಲಿ ಓಡಾಡುವಂತೆ ಬಿಟ್ಟಿದೆ. ಎಲೆಕ್ಟ್ರಾನ್ ಎಲ್ಲಿದೆ ಎಂದು ಕೇಳಿದರೆ ಇಲ್ಲಿಯೂ ಉತ್ತರ ಸಿಗುತ್ತದೆ.

ಸಕ್ಕರೆಗೆ ಹೊರೆ ಇಲ್ಲದಿದ್ದರೆ ನೀರಿನಲ್ಲಿ ಅಷ್ಟು ಚೆನ್ನಾಗಿ ಯಾಕೆ ಕರಗುತ್ತದೆ? ಅದರ ಅಣುವಿನಲ್ಲಿ ಆಮ್ಲಜನಕ-ಹೈಡ್ರೋಜನ್ ಜೋಡಿಗಳು ಎಂಟಿವೆ. ಅವೂ ನೀರಿನಂತೆಯೇ ಒಂದು ಕಡೆ ವಾಲಿದವು. ಹಾಗಾಗಿ ನೀರು ಅವನ್ನು ಹಿಡಿದುಕೊಳ್ಳುತ್ತದೆ. 100 ಗ್ರಾಂ ನೀರಿನಲ್ಲಿ ಉಪ್ಪು ಸುಮಾರು 36 ಗ್ರಾಂ ಕರಗಿದರೆ ಸಕ್ಕರೆ 200 ಗ್ರಾಂವರೆಗೆ ಕರಗುತ್ತದೆ. ಮೈಸೂರು ಪಾಕ್ ಮಾಡುವಾಗ ಎಳೆ ಬರುವ ಪಾಕ ಸಕ್ಕರೆಯಿಂದ ಬರುತ್ತದೆ. ಉಪ್ಪನ್ನು ಎಷ್ಟು ಕುದಿಸಿದರೂ ಪಾಕ ಬರುವುದಿಲ್ಲ, ತಳದಲ್ಲಿ ಹರಳು ಕೂರುತ್ತದೆ.

ಏಳನೇ ಹೆಜ್ಜೆ: ಎಡವುವ ಜಾಗಗಳು

‘ಲೋಹ ಮತ್ತು ಅಲೋಹ ಸೇರಿದರೆ ಅಯಾನಿಕ, ಎರಡೂ ಅಲೋಹವಾದರೆ ಸಹವೇಲೆನ್ಸೀಯ.’ ಮೊದಲ ಅಂದಾಜಿಗೆ ಇದು ಒಳ್ಳೆಯ ಸೂತ್ರ. ಪೊಟ್ಯಾಷ್ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್, ಅಯಾನಿಕ, ಕರಗಲು 770 ಡಿಗ್ರಿ ಬೇಕು. ಪಕ್ಕದ ಮೂಟೆಯ ಯೂರಿಯಾ ಸಹವೇಲೆನ್ಸೀಯ, 133 ಡಿಗ್ರಿಗೇ ಕರಗುತ್ತದೆ. ಇಲ್ಲಿ ಸೂತ್ರ ಸರಿಹೋಯಿತು.

ಎಲ್ಲ ಕಡೆ ಹೋಗುವುದಿಲ್ಲ. ಅಮೋನಿಯಂ ಕ್ಲೋರೈಡ್‌ನಲ್ಲಿ ಲೋಹವೇ ಇಲ್ಲ, ಆದರೂ ಅಯಾನಿಕ. ನೀರಿನ ಅಂಶವಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್‌ನಲ್ಲಿ ಲೋಹ ಇದೆ, ಆದರೆ 180 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಿಬಿಡುತ್ತದೆ. ಅಷ್ಟು ಚಿಕ್ಕ, ಮೂರು ಧನದ ಹೊರೆಯ ಅಲ್ಯೂಮಿನಿಯಂ ತನ್ನ ಕಡೆಗೆ ಕ್ಲೋರಿನ್‌ನ ಎಲೆಕ್ಟ್ರಾನ್‌ಗಳನ್ನು ಎಳೆದುಕೊಂಡು ಹಂಚಿಕೆಯ ಕಡೆಗೆ ವಾಲುತ್ತದೆ.

ನೀರಿನಲ್ಲಿ ಕರಗಿ ವಿದ್ಯುತ್ ಹರಿದರೆ ಅಯಾನಿಕ ಎಂದೂ ಹೇಳಲಾಗದು. ನಿಂಬೆರಸದಲ್ಲಿ ಎಲ್‌ಇಡಿ ಹತ್ತಿಸಿ ನೋಡಿ. ನಿಂಬೆಯ ಆಮ್ಲ ಸಹವೇಲೆನ್ಸೀಯವೇ. ನೀರಿಗೆ ಬಂದ ಮೇಲೆ ಅದರ ಕೆಲವು ಹೈಡ್ರೋಜನ್‌ಗಳು ಅಯಾನುಗಳಾಗಿ ಬಿಡುತ್ತವೆ.

ಇನ್ನು ಸಹವೇಲೆನ್ಸೀಯ ಅಂದರೆ ಮೆತ್ತಗೆ, ಬೇಗ ಕರಗುವುದು ಎಂದುಕೊಂಡವರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆ ಮುಟ್ಟಿ ನೋಡಿ. ಅದು ಗ್ರಾನೈಟ್. ಅದರಲ್ಲಿ ಗಾಜಿನಂತೆ ಹೊಳೆಯುವ ಕಣಗಳು ಸ್ಫಟಿಕಶಿಲೆ, ಸಿಲಿಕಾನ್ ಮತ್ತು ಆಮ್ಲಜನಕದ್ದು. ಅಲ್ಲಿ ಬಿಡಿ ಅಣುಗಳಿಲ್ಲ. ಒಂದು ಕಣದ ಈ ತುದಿಯಿಂದ ಆ ತುದಿಯವರೆಗೆ ಸಹವೇಲೆನ್ಸೀಯ ಬಂಧದ ಒಂದೇ ಬಲೆ. ಕರಗಿಸಲು 1,600 ಡಿಗ್ರಿಗಿಂತ ಜಾಸ್ತಿ ಬೇಕು, ಉಪ್ಪಿನ ಎರಡರಷ್ಟು. ವಜ್ರವೂ ಇದೇ ಜಾತಿ.

ಕೊನೆಯ ಲೆಕ್ಕ: ಆಲೆಮನೆಯ ಸುಣ್ಣ

ಇದನ್ನು ನೀವೇ ಬಿಡಿಸಿ, ಆಮೇಲೆ ಕೆಳಗೆ ಓದಿ. ಸುಣ್ಣದ ತಿಳಿಯಲ್ಲಿರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರಲ್ಲಿ ಯಾವ ಬಂಧ?

ಎರಡೂ ಇವೆ. ಕ್ಯಾಲ್ಸಿಯಂ ತನ್ನ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಧನ 2 ಆಗಿದೆ. ಎದುರಿಗೆ ಎರಡು ಹೈಡ್ರಾಕ್ಸೈಡ್, ತಲಾ ಋಣ 1. ಇವುಗಳ ನಡುವೆ ಅಯಾನಿಕ. ಒಂದೊಂದು ಹೈಡ್ರಾಕ್ಸೈಡ್ ಒಳಗೂ ಆಮ್ಲಜನಕ ಮತ್ತು ಹೈಡ್ರೋಜನ್ ಒಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡಿವೆ. ಅದು ಸಹವೇಲೆನ್ಸೀಯ. ಸೋಡಾ ಪುಡಿ, ಅಮೋನಿಯಂ ಸಲ್ಫೇಟ್ ಗೊಬ್ಬರ ಎಲ್ಲದರಲ್ಲೂ ಇದೇ ಬಗೆ: ಗುಂಪಿನ ಒಳಗೆ ಹಂಚಿಕೆ, ಗುಂಪು ಗುಂಪಿನ ನಡುವೆ ಅಯಾನಿಕ ಸೆಳೆತ.

ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದನ್ನು ನೀವು ನೋಡಿರಬಹುದು. ಸುಣ್ಣದ ಹೈಡ್ರಾಕ್ಸೈಡ್ ಹಾಲಿನ ಹುಳಿಯನ್ನು ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ ಅಯಾನು ಹಾಲಿನಲ್ಲಿರುವ ಫಾಸ್ಫೇಟ್ ಅಯಾನನ್ನು ಹಿಡಿದು ಕರಗದ ಗಸಿಯಾಗುತ್ತದೆ. ಆ ಗಸಿ ತನ್ನ ಜೊತೆಗೆ ಬೇರೆ ಕೊಳೆಯನ್ನೂ ಅಂಟಿಸಿಕೊಳ್ಳುತ್ತದೆ. ಕುದಿಯುವಾಗ ಅದು ಬುರುಗಿನ ಜೊತೆ ಮೇಲೆ ಬಂದರೆ ಜಾಲರಿಯಲ್ಲಿ ತೆಗೆದು ಹಾಕುತ್ತಾರೆ. ಹೊರೆ ಇಲ್ಲದ ಸಕ್ಕರೆಯ ಅಣುಗಳು ಹಾಲಿನಲ್ಲೇ ಉಳಿದುಕೊಂಡು, ನೀರು ಇಂಗಿದ ಮೇಲೆ ಅಚ್ಚಿನಲ್ಲಿ ಬೆಲ್ಲವಾಗುತ್ತವೆ.